ಕಮ್ಯುನಿಸಂ ತಡೆದದ್ದು ಬಂದೂಕೋ, ಹಕ್ಕುಪತ್ರವೋ?

1954ರ ಡಿಸೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ವುಲ್ಫ್ ಲಡೆಜಿನ್ಸ್ಕಿ ಎಂಬ ಅಧಿಕಾರಿಯನ್ನು ದೇಶದ ಭದ್ರತೆಗೆ ಅಪಾಯಕಾರಿ ಎಂದು ಹೇಳಿ ಕೆಲಸದಿಂದ ಹೊರಗಿಟ್ಟಿತು. ಟೋಕಿಯೊದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಕೃಷಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು ಅವರು. ಉಕ್ರೇನಿನಲ್ಲಿ ಹುಟ್ಟಿ, ಬೊಲ್ಶೆವಿಕ್ ಕ್ರಾಂತಿಯಲ್ಲಿ ಮನೆತನದ ಆಸ್ತಿ ಕಳೆದುಕೊಂಡು, 1921ರಲ್ಲಿ ಗಡಿ ದಾಟಿ ತಪ್ಪಿಸಿಕೊಂಡು ಬಂದ ಈ ಮನುಷ್ಯನಿಗೆ ಕಮ್ಯುನಿಸ್ಟರನ್ನು ಮೆಚ್ಚಲು ಯಾವ ಕಾರಣವೂ ಇರಲಿಲ್ಲ. ಸೋದರಿಯರು ಇನ್ನೂ ಸೋವಿಯತ್ ಒಕ್ಕೂಟದಲ್ಲಿದ್ದಾರೆ, ಹಿಂದೊಮ್ಮೆ ಸೋವಿಯತ್ ವ್ಯಾಪಾರ ಸಂಸ್ಥೆಯೊಂದರಲ್ಲಿ ಕೆಲಕಾಲ ದುಭಾಷಿಯಾಗಿದ್ದರು ಎಂಬುದನ್ನೇ ಅವರ ಮೇಲೆ ಹೊರಿಸಲಾಯಿತು.

ಆದರೆ ಏಷ್ಯಾದಲ್ಲಿ ಕಮ್ಯುನಿಸಂ ಹರಡದಂತೆ ತಡೆಯುವ ಕೆಲಸದಲ್ಲಿ ಅಮೆರಿಕಕ್ಕೆ ಸಿಕ್ಕ ದೊಡ್ಡ ಗೆಲುವುಗಳಲ್ಲೊಂದು ಇದೇ ಲಡೆಜಿನ್ಸ್ಕಿ ಅವರ ಕೆಲಸದಿಂದ ಬಂದದ್ದು. ಜಪಾನಿನಲ್ಲಿ ಗೇಣಿ ಪದ್ಧತಿಯನ್ನು ಕಿತ್ತೊಗೆದ ಭೂ ಸುಧಾರಣೆಯನ್ನು ರೂಪಿಸಿದವರಲ್ಲಿ ಅವರು ಮುಖ್ಯರು. ಉಳುವವನಿಗೆ ಜಮೀನು ಸಿಕ್ಕರೆ ಅವನು ಕ್ರಾಂತಿಯ ಹಿಂದೆ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಕೆಲವು ದೇಶಗಳಲ್ಲಿ ಜಾರಿಗೆ ತಂದ ಅಮೆರಿಕ, ಬೇರೆ ದೇಶಗಳಲ್ಲಿ ಅದೇ ಕೆಲಸಕ್ಕೆ ಕೈ ಹಾಕಿದವರನ್ನು ಕಮ್ಯುನಿಸ್ಟರು ಎಂದು ಕರೆದು ಉರುಳಿಸಿತು.

ಇದನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಚೀನಾವನ್ನು ತಡೆಯುವುದು ಹೇಗೆ ಎಂಬ ಚರ್ಚೆ ವಾಷಿಂಗ್ಟನ್‌ನಲ್ಲಿ ವರ್ಷಗಳಿಂದ ನಡೆದಿದೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು, ಶೀತಲ ಸಮರವನ್ನು ನಾವು ಹೇಗೆ ಗೆದ್ದೆವೋ ಇದನ್ನೂ ಹಾಗೆಯೇ ಗೆಲ್ಲಬಹುದು ಎಂಬುದು. ಆ ಗೆಲುವಿನ ಕಥನದಲ್ಲಿ ಕ್ಷಿಪಣಿಗಳು ಬರುತ್ತವೆ, ಬೇಹುಗಾರರು ಬರುತ್ತಾರೆ, ಬರ್ಲಿನ್ ಗೋಡೆ ಬೀಳುತ್ತದೆ. ಗೇಣಿದಾರ ಮಾತ್ರ ಎಲ್ಲೂ ಕಾಣಿಸುವುದಿಲ್ಲ. ಅವನನ್ನು ಬಿಟ್ಟು ಈ ಚರಿತ್ರೆಯನ್ನು ಓದಿದರೆ ಎಲ್ಲಿ ಗೆದ್ದರು, ಎಲ್ಲಿ ಸೋತರು, ಯಾಕೆ ಎಂಬುದು ತಲೆಕೆಳಗಾಗಿ ಅರ್ಥವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಕಮ್ಯುನಿಸಂ ಹರಡದಂತೆ ತಡೆಯುವ ಅಮೆರಿಕದ ಈ ತಡೆ ನೀತಿಯ ಹುಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. 1946ರ ಫೆಬ್ರವರಿ 22ರಂದು ಮಾಸ್ಕೋದಲ್ಲಿದ್ದ ಅಮೆರಿಕನ್ ರಾಜತಾಂತ್ರಿಕ ಜಾರ್ಜ್ ಕೆನ್ನನ್ ತಮ್ಮ ಸರ್ಕಾರಕ್ಕೆ ಒಂದು ಉದ್ದನೆಯ ತಂತಿ ಕಳಿಸಿದರು. ಸೋವಿಯತ್ ಒಕ್ಕೂಟದ ಜೊತೆ ಯುದ್ಧವೂ ಬೇಡ, ಶರಣಾಗತಿಯೂ ಬೇಡ, ಅದು ಹಿಗ್ಗಲು ನೋಡಿದ ಕಡೆಯಲ್ಲೆಲ್ಲ ತಾಳ್ಮೆಯಿಂದ ತಡೆದು ನಿಂತರೆ ಒಳಗಿನಿಂದಲೇ ಅದು ಸಡಿಲವಾಗುತ್ತದೆ ಎಂಬ ವಾದವನ್ನು ಅವರು ಆ ತಂತಿಯಲ್ಲೂ ಮರುವರ್ಷ ಹೆಸರು ಮರೆಸಿ ಬರೆದ ಲೇಖನದಲ್ಲೂ ಮುಂದಿಟ್ಟರು. 1947ರ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು ಕೇಳಿದರು. ಯುದ್ಧದಲ್ಲಿ ನಲುಗಿದ ದೇಶಗಳನ್ನು ಮತ್ತೆ ಕಟ್ಟುವ ಮಾರ್ಷಲ್ ಯೋಜನೆಯಲ್ಲಿ ಪಶ್ಚಿಮ ಯುರೋಪಿಗೆ ಸುಮಾರು 1,300 ಕೋಟಿ ಡಾಲರ್ ಹರಿಯಿತು. 1949ರಲ್ಲಿ ನೇಟೊ ಸೇನಾ ಒಕ್ಕೂಟ ಹುಟ್ಟಿತು. ಅದೇ ವರ್ಷ ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು, ಚೀನಾದಲ್ಲಿ ಮಾವೋ ಗೆದ್ದರು. ವಾಷಿಂಗ್ಟನ್ ದಿಗಿಲುಬಿತ್ತು. 1950ರ ಏಪ್ರಿಲ್‌ನಲ್ಲಿ ಸಿದ್ಧವಾದ ಒಂದು ರಹಸ್ಯ ದಾಖಲೆ ಸೇನಾ ವೆಚ್ಚವನ್ನು ಭಾರಿಯಾಗಿ ಹೆಚ್ಚಿಸಬೇಕೆಂದಿತು. ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದದ್ದೇ ತಡ, ಆ ವೆಚ್ಚ ಮೂರು ಪಟ್ಟಿಗೂ ಮೀರಿತು. ತಾನು ಹೇಳಿದ್ದು ಮುಖ್ಯವಾಗಿ ರಾಜಕೀಯ ತಡೆಯ ಬಗ್ಗೆ, ಅದನ್ನು ಸೇನೆಯ ಲೆಕ್ಕವಾಗಿ ಮಾಡಿಬಿಟ್ಟರು ಎಂದು ಕೆನ್ನನ್ ಕೊನೆಯವರೆಗೂ ಹೇಳುತ್ತಲೇ ಇದ್ದರು.

ಯುರೋಪಿನ ಕಾರ್ಮಿಕನಿಗೆ ಮಾರ್ಷಲ್ ಯೋಜನೆ ಉತ್ತರವಾಯಿತು. ಏಷ್ಯಾದಲ್ಲಿ ಪ್ರಶ್ನೆಯೇ ಬೇರೆ ಇತ್ತು. ಇಲ್ಲಿ ಕಮ್ಯುನಿಸ್ಟ್ ಪಕ್ಷಗಳು ಬೆಳೆದದ್ದು ಕಾರ್ಖಾನೆಗಳಿಂದಲ್ಲ, ಹಳ್ಳಿಗಳಿಂದ. ಮಾವೋ ಗೆದ್ದದ್ದು ರೈತರನ್ನು ಕಟ್ಟಿಕೊಂಡು.

ಹಳ್ಳಿಯ ಸಮಿತಿಯಲ್ಲಿ ಐವರು ಗೇಣಿದಾರರು

ಸೋತ ಜಪಾನಿನಲ್ಲಿ ಅರ್ಧದಷ್ಟು ಸಾಗುವಳಿ ಜಮೀನು ಗೇಣಿಯಲ್ಲಿತ್ತು. ಬೆಳೆದ ಭತ್ತದಲ್ಲಿ ಹೆಚ್ಚುಕಡಿಮೆ ಅರ್ಧ ಒಡೆಯನ ಕಣಜಕ್ಕೆ ಹೋಗುತ್ತಿತ್ತು. 1945ರ ಡಿಸೆಂಬರ್ 9ರಂದು ಅಲ್ಲಿನ ಅಮೆರಿಕನ್ ಆಡಳಿತದ ಮುಖ್ಯಸ್ಥ ಜನರಲ್ ಮೆಕಾರ್ಥರ್ ಜಪಾನ್ ಸರ್ಕಾರಕ್ಕೆ ಭೂ ಸುಧಾರಣೆಯ ಆದೇಶ ಕೊಟ್ಟರು. ಮರುವರ್ಷ ಅಕ್ಟೋಬರ್‌ನಲ್ಲಿ ಕಾಯ್ದೆ ಬಂತು. ಊರಿನಲ್ಲಿ ವಾಸವಿಲ್ಲದ ಒಡೆಯನ ಗೇಣಿ ಜಮೀನೆಲ್ಲ ಸರ್ಕಾರಕ್ಕೆ. ಊರಿನಲ್ಲೇ ಇದ್ದವನು ಗೇಣಿಗೆ ಕೊಡಲು ಇಟ್ಟುಕೊಳ್ಳಬಹುದಾಗಿದ್ದದ್ದು ಸುಮಾರು ಒಂದು ಹೆಕ್ಟೇರ್, ಉತ್ತರದ ಹೊಕ್ಕೈಡೊದಲ್ಲಿ ನಾಲ್ಕು. ಸರ್ಕಾರ ಕೊಂಡದ್ದನ್ನು ಉಳುತ್ತಿದ್ದವನಿಗೇ ಮಾರಿತು. ಒಡೆಯರಿಗೆ ಕೊಟ್ಟ ಬಾಂಡುಗಳು ಯುದ್ಧಾನಂತರದ ಹಣದುಬ್ಬರದಲ್ಲಿ ಬೆಲೆಯಿಲ್ಲದ ಕಾಗದಗಳಾದವು. ಅಂದರೆ ನಡೆದದ್ದು ಬಹುಮಟ್ಟಿಗೆ ಜಪ್ತಿಯೇ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅದನ್ನು ಜಾರಿ ಮಾಡಿದ ಬಗೆ. ಪ್ರತಿ ಹಳ್ಳಿಗೂ ಒಂದು ಚುನಾಯಿತ ಭೂ ಸಮಿತಿ. ಹತ್ತು ಜನ ಸದಸ್ಯರು. ಅದರಲ್ಲಿ ಐವರು ಗೇಣಿದಾರರು, ಮೂವರು ಒಡೆಯರು, ಇಬ್ಬರು ಸ್ವಂತ ಉಳುಮೆಯವರು. ಯಾರ ಜಮೀನು ಯಾವುದು, ಯಾರು ಎಷ್ಟು ವರ್ಷದಿಂದ ಉಳುತ್ತಿದ್ದಾರೆ, ಗಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ತೀರ್ಮಾನಿಸಿದ್ದು ದೂರದ ಅಧಿಕಾರಿಯಲ್ಲ, ಅದೇ ಊರಿನ ಗದ್ದೆ ಬದುವಿನ ಮೇಲೆ ನಡೆದಾಡಿದವರು. ನಿನ್ನೆಯವರೆಗೆ ಒಡೆಯನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದವನು ಈಗ ಅವನ ಎದುರಿಗೇ ಕೂತು ಲೆಕ್ಕ ಕೇಳಿದ. ಮೂರು ನಾಲ್ಕು ವರ್ಷಗಳಲ್ಲಿ ಗೇಣಿ ಜಮೀನಿನ ಪ್ರಮಾಣ ಶೇ 46ರ ಆಸುಪಾಸಿನಿಂದ ಶೇ 10ರ ಹತ್ತಿರಕ್ಕೆ ಇಳಿಯಿತು. ಸುಮಾರು 19 ಲಕ್ಷ ಹೆಕ್ಟೇರ್ ಕೈ ಬದಲಾಯಿತು. ಜಪಾನಿನ ಹಳ್ಳಿಗಳು ಆಮೇಲೆ ದಶಕಗಳ ಕಾಲ ಸಂಪ್ರದಾಯವಾದಿ ಪಕ್ಷದ ಗಟ್ಟಿ ನೆಲೆಯಾಗಿ ಉಳಿದವು.

ಜಪಾನಿನ ಕೃಷಿ ಅಧಿಕಾರಿಗಳಲ್ಲೇ ಹಲವರು ಯುದ್ಧಕ್ಕೆ ಮುಂಚಿನಿಂದ ಇದನ್ನು ಬಯಸಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಹೊರಗಿನವರು ಬಂದು ಎಲ್ಲವನ್ನೂ ಮಾಡಿದರು ಎಂದರೆ ಅವರಿಗೆ ಅನ್ಯಾಯ. ಒಡೆಯರ ರಾಜಕೀಯ ಬಲ ಅಡ್ಡ ಬರುತ್ತಿತ್ತು. ಸೋಲು ಮತ್ತು ದೇಶವನ್ನು ಆಕ್ರಮಿಸಿದ ಸೇನೆ ಆ ಬಲವನ್ನು ಮುರಿದವು.

ತೈವಾನಿನಲ್ಲೂ ಇದೇ ನಡೆಯಿತು, ಇನ್ನಷ್ಟು ಸ್ಪಷ್ಟವಾಗಿ. ಚೀನಾದಲ್ಲಿ ಸೋತು ಓಡಿಬಂದ ಚಿಯಾಂಗ್ ಕೈ ಷೆಕ್ ಸರ್ಕಾರ ಅಲ್ಲಿ ಭೂಮಾಲೀಕರನ್ನು ಮುಟ್ಟಲು ಎಂದೂ ಧೈರ್ಯ ಮಾಡಿರಲಿಲ್ಲ, ಏಕೆಂದರೆ ಅವರೇ ಅದರ ಬೆನ್ನೆಲುಬು. ತೈವಾನಿನ ಭೂಮಾಲೀಕರು ಅದಕ್ಕೆ ಯಾರೂ ಆಗಿರಲಿಲ್ಲ. 1949ರಲ್ಲಿ ಗೇಣಿಯನ್ನು ಮುಖ್ಯ ಬೆಳೆಯ ಶೇ 37.5ಕ್ಕೆ ಇಳಿಸಿದರು, 1951ರಲ್ಲಿ ಸರ್ಕಾರಿ ಜಮೀನು ಮಾರಿದರು, 1953ರಲ್ಲಿ ಉಳುವವನಿಗೆ ಜಮೀನು ಕೊಟ್ಟರು. ಒಡೆಯರಿಗೆ ಪರಿಹಾರವಾಗಿ ಸರ್ಕಾರಿ ಕಂಪನಿಗಳ ಷೇರು ಮತ್ತು ಬೆಳೆಯ ಬೆಲೆಗೆ ಕಟ್ಟಿದ ಬಾಂಡು ಸಿಕ್ಕವು. ಅಮೆರಿಕದ ಹಣ ಮತ್ತು ತಜ್ಞರು ಜೊತೆಗಿದ್ದರು. ಲಡೆಜಿನ್ಸ್ಕಿ ಅಲ್ಲಿಗೂ ಹೋಗಿ ಸಲಹೆ ಕೊಟ್ಟರು. ಇದರ ಜೊತೆಗೇ ಅಲ್ಲಿ 1947ರಲ್ಲಿ ಸರ್ಕಾರದ ವಿರುದ್ಧ ಎದ್ದವರ ಹತ್ಯಾಕಾಂಡ ನಡೆದಿತ್ತು, 1949ರಿಂದ 1987ರವರೆಗೆ ಸೇನಾ ಕಾನೂನು ಇತ್ತು, ಎಡಪಂಥೀಯರೆಂದು ಸಂಶಯ ಬಂದವರನ್ನು ಸಾವಿರಾರು ಸಂಖ್ಯೆಯಲ್ಲಿ ಜೈಲಿಗೆ ಹಾಕಿದರು, ಕೊಂದರು. ಹಕ್ಕುಪತ್ರ ಒಂದೇ ಕೆಲಸ ಮಾಡಿತು ಎಂದು ಹೇಳುವ ಹಾಗಿಲ್ಲ.

ಕೊರಿಯಾದಲ್ಲಿ ಪೈಪೋಟಿಯೇ ಕಾರಣ. ಉತ್ತರದಲ್ಲಿ 1946ರ ಮಾರ್ಚ್‌ನಲ್ಲಿ ಕಮ್ಯುನಿಸ್ಟರು ಕೆಲವೇ ವಾರಗಳಲ್ಲಿ ಜಮೀನನ್ನು ಪುಕ್ಕಟೆಯಾಗಿ ಹಂಚಿಬಿಟ್ಟರು. ದಕ್ಷಿಣದ ಗೇಣಿದಾರ ಅದನ್ನು ನೋಡುತ್ತಿದ್ದ. 1948ರ ಮೇ ಚುನಾವಣೆಗೆ ಮೊದಲು ಅಮೆರಿಕನ್ ಸೇನಾಡಳಿತ ಜಪಾನೀಯರು ಬಿಟ್ಟುಹೋಗಿದ್ದ ಜಮೀನನ್ನು ಉಳುವವರಿಗೆ ಮಾರಲು ತೊಡಗಿತು. ಆಮೇಲೆ ಬಂದ ಸಿಂಗ್‌ಮನ್ ರೀ ಸರ್ಕಾರದ ಮೊದಲ ಕೃಷಿ ಸಚಿವ ಚೋ ಬೊಂಗ್ ಆಮ್, ಹಿಂದೆ ಕಮ್ಯುನಿಸ್ಟ್ ಆಗಿದ್ದು ಹೊರಬಂದವರು. ಕೊರಿಯನ್ ಜಮೀನ್ದಾರರ ಜಮೀನಿಗೂ ಮೂರು ಹೆಕ್ಟೇರ್ ಮಿತಿ ಹಾಕಿದ ಕಾಯ್ದೆಯ ಹಿಂದೆ ಅವರ ದುಡಿಮೆ ಇತ್ತು. 1956ರ ಅಧ್ಯಕ್ಷೀಯ ಚುನಾವಣೆಯಲ್ಲಿ ರೀ ವಿರುದ್ಧ ನಿಂತು ದೊಡ್ಡ ಪ್ರಮಾಣದ ಮತ ಪಡೆದರು. ಅದೇ ಅವರಿಗೆ ಮುಳುವಾಯಿತು. ಉತ್ತರದ ಗೂಢಚಾರ ಎಂಬ ಆರೋಪ ಹೊರಿಸಿ 1959ರ ಜುಲೈ 31ರಂದು ಗಲ್ಲಿಗೇರಿಸಿದರು. 2011ರಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್ ಅವರನ್ನು ನಿರ್ದೋಷಿ ಎಂದಿತು.

ಬಾಳೆ ಕಂಪನಿಯ ಜಮೀನು

ಗ್ವಾಟೆಮಾಲಾದಲ್ಲಿ ಶೇ 2ರಷ್ಟು ಮಂದಿಯ ಕೈಯಲ್ಲಿ ಶೇ 70ರಷ್ಟು ಜಮೀನಿತ್ತು. ಅಲ್ಲಿ ದೊಡ್ಡ ಭೂಮಾಲೀಕ ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ. ಬಾಳೆ ಬೆಳೆಯುವ ಈ ಕಂಪನಿ ತನ್ನ ಜಮೀನಿನ ಬಹುಪಾಲನ್ನು ಬೀಳು ಬಿಟ್ಟಿತ್ತು. 1952ರ ಜೂನ್ 17ರಂದು ಚುನಾಯಿತ ಅಧ್ಯಕ್ಷ ಹಕೋಬೋ ಆರ್ಬೆನ್ಸ್ 900ನೇ ಶಾಸನಕ್ಕೆ ಸಹಿ ಹಾಕಿದರು. ದೊಡ್ಡ ಎಸ್ಟೇಟುಗಳ ಬೀಳು ಜಮೀನನ್ನು ಸರ್ಕಾರ ಕೊಂಡು ಭೂಹೀನರಿಗೆ ಹಂಚುವುದು, ಪರಿಹಾರವನ್ನು ಬಾಂಡಿನಲ್ಲಿ ಕೊಡುವುದು. ಬೆಲೆ ಎಷ್ಟು ಎಂದರೆ, ತೆರಿಗೆ ಕಟ್ಟುವಾಗ ಮಾಲೀಕನೇ ಘೋಷಿಸಿದಷ್ಟು. ಕಂಪನಿ ತೆರಿಗೆ ಉಳಿಸಲು ಜಮೀನಿನ ಬೆಲೆಯನ್ನು ತೀರಾ ಕಡಿಮೆ ತೋರಿಸಿಕೊಂಡು ಬಂದಿತ್ತು. ಸರ್ಕಾರ ಆ ಲೆಕ್ಕದಲ್ಲೇ 6 ಲಕ್ಷ ಡಾಲರಿನ ಚಿಲ್ಲರೆ ಪರಿಹಾರ ಕೊಡಲು ಮುಂದಾದಾಗ, ಅಮೆರಿಕದ ವಿದೇಶಾಂಗ ಇಲಾಖೆ ಕಂಪನಿಯ ಪರವಾಗಿ 1 ಕೋಟಿ 58 ಲಕ್ಷ ಡಾಲರ್ ಕೇಳಿತು. ಆರ್ಬೆನ್ಸ್ ತಮ್ಮ ಸ್ವಂತ ಜಮೀನನ್ನೂ ಹಂಚಿಕೆಗೆ ಬಿಟ್ಟುಕೊಟ್ಟಿದ್ದರು. ಒಂದೂವರೆ ವರ್ಷದಲ್ಲಿ ಸುಮಾರು ಒಂದು ಲಕ್ಷ ಕುಟುಂಬಗಳಿಗೆ ಜಮೀನು ಸಿಕ್ಕಿತು.

ಜಪಾನಿನ ಕಾಯ್ದೆಗೆ ಹೋಲಿಸಿದರೆ ಇದು ಎಷ್ಟೋ ಮೆದು. ಅಲ್ಲಿ ಉಳುಮೆಯಲ್ಲಿದ್ದ ಗದ್ದೆಗಳನ್ನೇ ಕಿತ್ತುಕೊಂಡಿದ್ದರು. ಇಲ್ಲಿ ಮುಟ್ಟಿದ್ದು ಖಾಲಿ ಬಿದ್ದ ನೆಲವನ್ನು. ಆದರೂ ವಾಷಿಂಗ್ಟನ್‌ಗೆ ಅಲ್ಲಿ ಮಾಸ್ಕೋದ ಕೈ ಕಂಡಿತು. ಆ ಭಯ ಪೂರ್ತಿ ಕಟ್ಟುಕಥೆಯಲ್ಲ. ಗ್ವಾಟೆಮಾಲಾದ ಕಮ್ಯುನಿಸ್ಟ್ ನಾಯಕರು ಆರ್ಬೆನ್ಸ್‌ಗೆ ಹತ್ತಿರದವರಾಗಿದ್ದರು, ಶಾಸನ ಬರೆಯುವುದರಲ್ಲೂ ಪಾಲ್ಗೊಂಡಿದ್ದರು. 1954ರ ಮೇ ತಿಂಗಳಲ್ಲಿ ಚೆಕೊಸ್ಲೊವಾಕಿಯಾದ ಶಸ್ತ್ರಾಸ್ತ್ರ ಹೊತ್ತ ಹಡಗು ಬಂದದ್ದೂ ನಿಜ. ಅಮೆರಿಕ ಆಯುಧ ಮಾರಲು ಒಪ್ಪದ ಮೇಲೆ ಬಂದದ್ದು ಅದು. ಆದರೆ 56 ಜನರ ಸಂಸತ್ತಿನಲ್ಲಿ ಕಮ್ಯುನಿಸ್ಟರು ನಾಲ್ವರು ಮಾತ್ರ. ಅಮೆರಿಕದ ಬೇಹು ಸಂಸ್ಥೆ ಸಿಐಎ ತಯಾರು ಮಾಡಿದ ಸಣ್ಣ ಪಡೆ, ಸುಳ್ಳು ಸುದ್ದಿ ಬಿತ್ತುವ ಒಂದು ರೇಡಿಯೊ ಮತ್ತು ಕೆಲವು ವಿಮಾನಗಳ ಬಲದಿಂದ 1954ರ ಜೂನ್ 27ರಂದು ಆರ್ಬೆನ್ಸ್ ರಾಜೀನಾಮೆ ಕೊಡುವಂತಾಯಿತು. ಹಂಚಿದ ಜಮೀನನ್ನು ಹೊಸ ಸರ್ಕಾರ ವಾಪಸ್ ಕಿತ್ತುಕೊಂಡಿತು. ಆಗ ಗ್ವಾಟೆಮಾಲಾ ನಗರದಲ್ಲಿದ್ದ ಅರ್ಜೆಂಟೀನಾದ ಒಬ್ಬ ಯುವ ವೈದ್ಯ ಇದನ್ನೆಲ್ಲ ಕಣ್ಣಾರೆ ಕಂಡು, ಮತಪೆಟ್ಟಿಗೆಯಿಂದ ಜಮೀನು ಬರುವುದಿಲ್ಲ ಎಂದು ತೀರ್ಮಾನಿಸಿದ. ಅವನ ಹೆಸರು ಚೆ ಗುವಾರ.

ಆ ದೇಶದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ಸತ್ತವರು ಮತ್ತು ಕಾಣೆಯಾದವರು 2 ಲಕ್ಷಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕ ಬಲಿಪಶುಗಳಲ್ಲಿ ಶೇ 83ರಷ್ಟು ಮಾಯಾ ಮೂಲನಿವಾಸಿಗಳು. ಅದೇ ವರ್ಷ ಅಲ್ಲಿಗೆ ಹೋದ ಅಧ್ಯಕ್ಷ ಕ್ಲಿಂಟನ್, ಹಿಂಸೆ ನಡೆಸಿದ ಪಡೆಗಳಿಗೆ ಅಮೆರಿಕ ಬೆಂಬಲ ಕೊಟ್ಟದ್ದು ತಪ್ಪು ಎಂದು ಒಪ್ಪಿಕೊಂಡರು.

ಜಪಾನಿಗೂ ಗ್ವಾಟೆಮಾಲಾಕ್ಕೂ ವ್ಯತ್ಯಾಸ ಎಲ್ಲಿತ್ತು? ಜಮೀನು ಯಾರದ್ದು ಎಂಬುದರಲ್ಲಿ. ಟೋಕಿಯೊದ ಒಡೆಯ ಸೋತ ಶತ್ರು. ತೈವಾನಿನ ಒಡೆಯನಿಗೆ ಹೊಸ ಸರ್ಕಾರದಲ್ಲಿ ದಿಕ್ಕಿರಲಿಲ್ಲ. ಗ್ವಾಟೆಮಾಲಾದ ಒಡೆಯನಿಗೆ ವಾಷಿಂಗ್ಟನ್‌ನಲ್ಲಿ ಗೆಳೆಯರಿದ್ದರು. ವಿದೇಶಾಂಗ ಸಚಿವ ಜಾನ್ ಫಾಸ್ಟರ್ ಡಲ್ಲೆಸ್ ಹಿಂದೆ ಪಾಲುದಾರರಾಗಿದ್ದ ವಕೀಲಿ ಸಂಸ್ಥೆ ಆ ಕಂಪನಿಯ ಕೆಲಸ ಮಾಡಿತ್ತು, ಅವರ ತಮ್ಮ ಅಲೆನ್ ಡಲ್ಲೆಸ್ ಸಿಐಎ ಮುಖ್ಯಸ್ಥ. ಕಂಪನಿಗಾಗಿಯೇ ಸರ್ಕಾರ ಉರುಳಿಸಿದರು ಎಂದು ನಾನು ಹೇಳುತ್ತಿಲ್ಲ; ಕಮ್ಯುನಿಸಂ ಭಯ ಅವರಿಗೆ ನಿಜವಾಗಿಯೂ ಇತ್ತು. ಆದರೆ ಯಾವ ಸುಧಾರಣೆ ಕಮ್ಯುನಿಸಂ ತರಹ ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ಕಳೆದುಕೊಳ್ಳುವವರು ಯಾರು ಎಂಬುದರ ಮೇಲೆ ನಿಂತಿತ್ತು.

ಫಿಲಿಪ್ಪೀನ್ಸ್‌ನಲ್ಲಿ ಇದೇ ಲೆಕ್ಕ ಇನ್ನೂ ಬೇಗ ಬಯಲಾಗಿತ್ತು. ಮಧ್ಯ ಲುಜಾನ್‌ನ ಗೇಣಿದಾರರು ಕಮ್ಯುನಿಸ್ಟರ ನೇತೃತ್ವದಲ್ಲಿ ಹುಕ್ ಎಂಬ ಬಂಡಾಯ ಹೂಡಿದ್ದರು. ಜಪಾನಿನಲ್ಲಿ ಕೆಲಸ ಮಾಡಿದ್ದ ರಾಬರ್ಟ್ ಹಾರ್ಡಿ ಎಂಬ ಅಮೆರಿಕನ್ ತಜ್ಞ 1952ರಲ್ಲಿ ವರದಿ ಬರೆದು, ಗೇಣಿಯನ್ನೇ ತೆಗೆದುಹಾಕದೆ ಈ ಬಂಡಾಯಕ್ಕೆ ಕೊನೆಯಿಲ್ಲ ಎಂದರು. ಮನಿಲಾದ ಭೂಮಾಲೀಕ ರಾಜಕಾರಣಿಗಳು ಆ ವರದಿಯನ್ನೇ ಕಮ್ಯುನಿಸ್ಟ್ ಎಂದು ಬೈದರು. ಅವರು ಅಮೆರಿಕದ ಮಿತ್ರರು, ಅಲ್ಲಿ ಅಮೆರಿಕದ ಸೇನಾ ನೆಲೆಗಳಿದ್ದವು. ವರದಿ ಮೂಲೆ ಸೇರಿತು. ಹುಕ್ ಬಂಡಾಯವನ್ನು ಸೇನೆಯಿಂದಲೂ, ಶರಣಾದವರಿಗೆ ದೂರದ ಮಿಂಡನಾವೊದಲ್ಲಿ ಜಮೀನು ಕೊಡುವ ಮಾತಿನಿಂದಲೂ ಅಡಗಿಸಿದರು. 1969ರಲ್ಲಿ ಅದೇ ಮಧ್ಯ ಲುಜಾನ್‌ನಲ್ಲಿ ಹೊಸ ಜನಸೇನೆ ಎಂಬ ಕಮ್ಯುನಿಸ್ಟ್ ಗೆರಿಲ್ಲಾ ಪಡೆ ಹುಟ್ಟಿತು.

ನೂರು ಹೆಕ್ಟೇರ್ ಮಿತಿ

ಕೃಷಿ ಇಲಾಖೆ ಹೊರಗಿಟ್ಟ ಲಡೆಜಿನ್ಸ್ಕಿ ಅವರನ್ನು ಅದೇ ಸರ್ಕಾರದ ವಿದೇಶಿ ನೆರವು ವಿಭಾಗ ಕೆಲವೇ ವಾರಗಳಲ್ಲಿ ಕೆಲಸಕ್ಕೆ ತೆಗೆದುಕೊಂಡಿತು. ಕಳಿಸಿದ್ದು ದಕ್ಷಿಣ ವಿಯೆಟ್ನಾಂಗೆ. ಅಲ್ಲಿ ಅವರು ಅಧ್ಯಕ್ಷ ನ್ಗೊ ದಿನ್ ಜಿಯೆಮ್ ಅವರ ಸಲಹೆಗಾರರಾದರು.

ಮೆಕಾಂಗ್ ನದಿ ಮುಖಜ ಭೂಮಿಯಲ್ಲಿ ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ, ಕಮ್ಯುನಿಸ್ಟ್ ನೇತೃತ್ವದ ವಿಯೆಟ್ ಮಿನ್ ಕಾರ್ಯಕರ್ತರು ಓಡಿಹೋದ ಒಡೆಯರ ಜಮೀನನ್ನು ಆಗಲೇ ಹಂಚಿದ್ದರು. ವರ್ಷಗಳಿಂದ ಗೇಣಿ ಕೊಡದೆ ಉಳುತ್ತಿದ್ದ ರೈತನ ಬಳಿಗೆ ಜಿಯೆಮ್ ಸರ್ಕಾರ ಬಂದು, ಗೇಣಿಯನ್ನು ಬೆಳೆಯ ಶೇ 15ರಿಂದ 25ಕ್ಕೆ ಇಳಿಸಿದ್ದೇವೆ ಎಂದಿತು. ಕಾಗದದ ಮೇಲೆ ಅದು ಸುಧಾರಣೆ. ರೈತನ ಪಾಲಿಗೆ ಹೊಸ ಗೇಣಿ. ಹಿಂತಿರುಗಿ ಬಂದ ಒಡೆಯನ ಜೊತೆ ಹಲವು ಕಡೆ ಸೈನಿಕರೂ ಬಂದರು. 1956ರ ಅಕ್ಟೋಬರ್‌ನಲ್ಲಿ ಭೂಮಿತಿ ಶಾಸನ ಬಂತು. ಮಿತಿ 100 ಹೆಕ್ಟೇರ್. ಅದರ ಮೇಲೆ ಪಿತೃಪೂಜೆಯ ಖರ್ಚಿಗೆಂದು ಇನ್ನೂ 15 ಹೆಕ್ಟೇರ್ ಇಟ್ಟುಕೊಳ್ಳಬಹುದು. ಜಪಾನಿನಲ್ಲಿ ಒಂದು ಹೆಕ್ಟೇರ್, ತೈವಾನಿನಲ್ಲಿ ಸುಮಾರು ಮೂರು, ಇಲ್ಲಿ ನೂರಾ ಹದಿನೈದು. ಇಷ್ಟು ಹೇಳಿದರೆ ಸಾಕು, ಯಾರ ಸರ್ಕಾರ ಅದು ಎಂದು ತಿಳಿಯುತ್ತದೆ. ಗೇಣಿದಾರರಲ್ಲಿ ಹತ್ತರಲ್ಲಿ ಒಬ್ಬನಿಗೂ ಸರಿಯಾಗಿ ಜಮೀನು ದಕ್ಕಲಿಲ್ಲ.

ಉತ್ತರ ವಿಯೆಟ್ನಾಂ ಏನು ಮಾಡುತ್ತಿತ್ತು ಎಂಬುದನ್ನು ಮುಚ್ಚಿಡಬೇಕಿಲ್ಲ. 1953ರಿಂದ 1956ರವರೆಗೆ ಅಲ್ಲಿ ನಡೆದ ಭೂ ಸುಧಾರಣೆಯಲ್ಲಿ ಭೂಮಾಲೀಕರೆಂದು ಹಣೆಪಟ್ಟಿ ಹಚ್ಚಿ ಸಾವಿರಾರು ಜನರನ್ನು ಕೊಂದರು. ಅವರಲ್ಲಿ ಎಷ್ಟೋ ಮಂದಿ ಸಾಧಾರಣ ರೈತರು. ತಪ್ಪಾಯಿತು ಎಂದು ಹೋ ಚಿ ಮಿನ್ ಅವರೇ ಜನರ ಮುಂದೆ ಹೇಳಬೇಕಾಯಿತು. ಜಪಾನಿನ ಹಳ್ಳಿ ಸಮಿತಿ ಮಾಡಿದ ಕೆಲಸಕ್ಕೂ ಇದಕ್ಕೂ ಇರುವ ದೂರ ದೊಡ್ಡದು. ದಕ್ಷಿಣದ ರೈತನ ಮುಂದೆ ಆ ಜಪಾನೀ ದಾರಿಯನ್ನು ಇಡಬಹುದಿತ್ತು, ಇಡಬಲ್ಲವರು ಸೈಗಾನಿನಲ್ಲೇ ಕೂತಿದ್ದರು. ಅದಾಗದೇ ಹೋದದ್ದು ನನಗೆ ಇಡೀ ಶೀತಲ ಸಮರದ ಅತಿ ದುಬಾರಿ ತಪ್ಪಾಗಿ ಕಾಣುತ್ತದೆ.

1969ರ ಹೊತ್ತಿಗೆ ಅಲ್ಲಿದ್ದ ಅಮೆರಿಕನ್ ಸೈನಿಕರು 5 ಲಕ್ಷಕ್ಕೂ ಹೆಚ್ಚು. 1970ರ ಮಾರ್ಚ್‌ನಲ್ಲಿ, ಅಮೆರಿಕದ ಹಣದ ನೆರವಿನಿಂದ, ದಕ್ಷಿಣ ವಿಯೆಟ್ನಾಂ ಕೊನೆಗೂ ಉಳುವವನಿಗೆ ಜಮೀನು ಕೊಡುವ ನಿಜವಾದ ಕಾಯ್ದೆ ತಂದಿತು. ಲಕ್ಷಾಂತರ ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು, ಅದೂ ಪುಕ್ಕಟೆಯಾಗಿ. ಸೈಗಾನ್ ಬೀಳಲು ಐದು ವರ್ಷ ಉಳಿದಿತ್ತು. ನೆರೆಯ ಲಾವೋಸ್ ಮೇಲೆ 1964ರಿಂದ 1973ರವರೆಗೆ ಬಿದ್ದ ಬಾಂಬುಗಳು 20 ಲಕ್ಷ ಟನ್ನಿಗೂ ಹೆಚ್ಚು. ಸಿಡಿಯದೆ ನೆಲದಲ್ಲಿ ಹುದುಗಿದ ಕೋಟ್ಯಂತರ ಸಣ್ಣ ಬಾಂಬುಗಳಿಂದಾಗಿ ಅಲ್ಲಿ ಇಂದಿಗೂ ಗುದ್ದಲಿ ಹಾಕುವ ರೈತನ ಕೈಕಾಲು ಹೋಗುತ್ತದೆ. ಯಾವ ನೆಲದ ಹಕ್ಕಿಗಾಗಿ ಈ ಜಗಳ ಶುರುವಾಯಿತೋ ಆ ನೆಲವನ್ನೇ ಉಳದ ಹಾಗೆ ಮಾಡಿಬಿಟ್ಟರು.

ನನ್ನ ವಾದಕ್ಕೆ ಒಂದು ದೊಡ್ಡ ಅಡ್ಡಿ ಇಂಡೋನೇಷ್ಯಾ. ಅಲ್ಲಿ ಜಮೀನು ಹಂಚದೆಯೇ ಕಮ್ಯುನಿಸಂ ಅಳಿಸಿಹೋಯಿತು. 1960ರ ಭೂ ಕಾಯ್ದೆ ಜಾರಿಯಾಗದೆ ಕೊಳೆಯುತ್ತಿದ್ದಾಗ ಕಮ್ಯುನಿಸ್ಟರು ಜಾವಾ, ಬಾಲಿಯ ಹಳ್ಳಿಗಳಲ್ಲಿ ತಾವೇ ಜಮೀನು ಆಕ್ರಮಿಸಲು ಹೊರಟರು. ಹಗೆ ಮನೆಮನೆಗೆ ಹಬ್ಬಿತು. 1965ರ ಅಕ್ಟೋಬರ್‌ನಿಂದ ಕೆಲವೇ ತಿಂಗಳಲ್ಲಿ ಸೇನೆ ಮತ್ತು ಅದರ ಜೊತೆಗಾರರು 5 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರನ್ನು ಕೊಂದರು. ಜಕಾರ್ತಾದ ಅಮೆರಿಕನ್ ರಾಯಭಾರ ಕಚೇರಿಗೆ ಏನು ನಡೆಯುತ್ತಿದೆ ಎಂದು ಚೆನ್ನಾಗಿ ಗೊತ್ತಿತ್ತು; ಅಲ್ಲಿನ ಅಧಿಕಾರಿಯೊಬ್ಬರು ಪಕ್ಷದ ಪದಾಧಿಕಾರಿಗಳ ಹೆಸರುಗಳನ್ನೂ ಸೇನೆಗೆ ಒದಗಿಸಿದ್ದರು. ತಡೆ ನೀತಿಯ ಕಣ್ಣಿನಲ್ಲಿ ಅದು ಗೆಲುವು. ಆದ್ದರಿಂದ ಜಮೀನು ಕೊಡದಿದ್ದರೆ ಕಮ್ಯುನಿಸಂ ಬಂದೇ ಬರುತ್ತದೆ ಎಂದು ನಾನು ಹೇಳಲಾರೆ. ಜಮೀನು ಕೊಡದೆ ಅದನ್ನು ತಡೆಯಲು ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇಂಡೋನೇಷ್ಯಾ ಲೆಕ್ಕ ಕೊಡುತ್ತದೆ, ಅಷ್ಟೇ. ಆ ಬೆಲೆಯನ್ನು ತೆತ್ತವರು ಅಮೆರಿಕನ್ನರಲ್ಲ.

ನಮ್ಮ ಕಡೆಗೂ ಬಂದಿದ್ದರು

ಲಡೆಜಿನ್ಸ್ಕಿ ಭಾರತಕ್ಕೂ ಬಂದಿದ್ದರು. 1952ರಲ್ಲಿ ರಾಯಭಾರಿ ಚೆಸ್ಟರ್ ಬೋಲ್ಸ್ ಅವರ ಕಾಲದಲ್ಲಿ ಪಂಜಾಬ್, ಕಾಶ್ಮೀರ, ತಂಜಾವೂರು ಸುತ್ತಿ ಗೇಣಿದಾರರ ಸ್ಥಿತಿಯ ಬಗ್ಗೆ ಬರೆದರು. ತೆಲಂಗಾಣದ ಸಶಸ್ತ್ರ ಹೋರಾಟ ಆಗಷ್ಟೇ ನಿಂತಿತ್ತು. 1960ರ ದಶಕದ ಕೊನೆಯಲ್ಲಿ ವಿಶ್ವಬ್ಯಾಂಕಿನ ಕಡೆಯಿಂದ ಮತ್ತೆ ದೆಹಲಿಗೆ ಬಂದು, ಹಸಿರು ಕ್ರಾಂತಿಯ ಲಾಭ ಉಳ್ಳವರಿಗೇ ಹೆಚ್ಚು ಸೇರುತ್ತಿದೆ, ಗೇಣಿದಾರ ಹೊರಬೀಳುತ್ತಿದ್ದಾನೆ ಎಂದು ಎಚ್ಚರಿಸಿದರು. 1975ರಲ್ಲಿ ತೀರಿಕೊಂಡರು.

ಅಮೆರಿಕ ಇಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಗೆ ಹಣ ಕೊಟ್ಟಿತು, ಪಿಎಲ್ 480 ಎಂಬ ತನ್ನ ಆಹಾರ ನೆರವಿನ ಕಾಯ್ದೆಯಡಿ ಗೋಧಿ ಕೊಟ್ಟಿತು. ಗೇಣಿಯ ಪ್ರಶ್ನೆಯನ್ನು ಮಾತ್ರ ಒತ್ತಲಿಲ್ಲ. ಕೇರಳದಲ್ಲಿ ಇಎಂಎಸ್ ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ 1959ರ ಜೂನ್‌ನಲ್ಲಿ ಭೂ ಸಂಬಂಧಗಳ ಮಸೂದೆ ಅಂಗೀಕರಿಸಿತು. ಜುಲೈ 31ರಂದು ಕೇಂದ್ರ ಅದನ್ನು ವಜಾ ಮಾಡಿತು, ಚೋ ಬೊಂಗ್ ಆಮ್ ಗಲ್ಲಿಗೇರಿದ ದಿನವೇ. ಎರಡಕ್ಕೂ ನೇರ ನಂಟಿಲ್ಲ. ಕೇರಳ ಸರ್ಕಾರದ ವಿರುದ್ಧ ನಡೆದ ಚಳವಳಿಗೆ ಶಿಕ್ಷಣ ಕಾಯ್ದೆಯ ಸಿಟ್ಟು ಹೆಚ್ಚು ಕಾರಣ. ಆದರೆ ಹೊರಗಿನ ಕೈ ಇರಲೇ ಇಲ್ಲ ಎನ್ನುವಂತೆಯೂ ಇಲ್ಲ. ಕೇರಳ ಮತ್ತು ಪಶ್ಚಿಮ ಬಂಗಾಳದಲ್ಲಿ ಕಮ್ಯುನಿಸ್ಟರು ಗೆಲ್ಲುವ ಸಂಭವ ಕಂಡಾಗ ಸಿಐಎ ಎರಡು ಸಲ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತು ಎಂದು ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಡೇನಿಯಲ್ ಮೊಯ್ನಿಹಾನ್ 1978ರಲ್ಲಿ ಬರೆದರು. ಇಂದಿರಾ ಗಾಂಧಿ ಅದನ್ನು ಅಲ್ಲಗಳೆದರು.

ಕನ್ನಡ ಓದುಗರಿಗೆ ಈ ವಿಷಯವನ್ನು ಬಿಡಿಸಿ ಹೇಳುವ ಅಗತ್ಯ ಕಡಿಮೆ. 1951ರ ಕಾಗೋಡು ಸತ್ಯಾಗ್ರಹದ ನೆನಪು ಇನ್ನೂ ಇದೆ. 1974ರ ತಿದ್ದುಪಡಿಯ ನಂತರ ಕರಾವಳಿಯಲ್ಲಿ ಚಾಲಗೇಣಿದಾರರು ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತದ್ದನ್ನು ಕಂಡವರು ನಮ್ಮ ಮನೆಗಳಲ್ಲೇ ಇದ್ದಾರೆ. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ, ಗೇಣಿದಾರನೇ ಬಾಯಿಬಿಟ್ಟು ಹೇಳಬೇಕಿತ್ತು. ದೇವರಾಜ ಅರಸು ಅವರ ಸರ್ಕಾರ ಇದನ್ನು ಮಾಡಿದ್ದು ಅಮೆರಿಕದ ಮಾತು ಕೇಳಿಯಲ್ಲ. ಆದರೆ ಗೇಣಿದಾರನನ್ನು ಒಡೆಯನ ಎದುರಿಗೇ ಕೂರಿಸಿದರೆ ಏನಾಗುತ್ತದೆ ಎಂಬುದು ನಮಗೂ ಗೊತ್ತಿದೆ.

ಕ್ಯೂಬಾದಲ್ಲಿ ಕ್ಯಾಸ್ಟ್ರೊ ಗೆದ್ದ ಮೇಲೆ ಅಮೆರಿಕಕ್ಕೆ ಮತ್ತೆ ಹಳ್ಳಿ ನೆನಪಾಯಿತು. 1961ರಲ್ಲಿ ಕೆನಡಿ ಲ್ಯಾಟಿನ್ ಅಮೆರಿಕಕ್ಕೆ ನೆರವಿನ ದೊಡ್ಡ ಯೋಜನೆ ಘೋಷಿಸಿದರು, ಅದರಲ್ಲಿ ಭೂ ಸುಧಾರಣೆಯೂ ಒಂದು ಷರತ್ತು. ಗ್ವಾಟೆಮಾಲಾದಲ್ಲಿ ಅದನ್ನು ಮುರಿದು ಆಗಿನ್ನೂ ಏಳು ವರ್ಷ. ಚಿಲಿಯಲ್ಲಿ ಅಮೆರಿಕದ ಮೆಚ್ಚುಗೆಯ ಫ್ರೇ ಸರ್ಕಾರ 1967ರಲ್ಲಿ ತಂದ ಕಾಯ್ದೆಯನ್ನೇ ಮುಂದೆ ಸಮಾಜವಾದಿ ಅಧ್ಯಕ್ಷ ಅಯೆಂಡೆ ಹೆಚ್ಚು ವೇಗವಾಗಿ ಜಾರಿ ಮಾಡಿದರು. ಅಷ್ಟರಲ್ಲಿ ಅಮೆರಿಕಕ್ಕೆ ಅದು ಅಪಾಯಕಾರಿಯಾಗಿ ಕಂಡಿತು. ಎಲ್ ಸಾಲ್ವಡಾರ್‌ನಲ್ಲಿ 1980ರಲ್ಲಿ ಅಮೆರಿಕವೇ ಮುಂದೆ ನಿಂತು ಭೂ ಸುಧಾರಣೆ ಶುರು ಮಾಡಿಸಿತು. 1981ರ ಜನವರಿಯಲ್ಲಿ ಆ ಕೆಲಸದ ಮುಖ್ಯಸ್ಥ ರೊಡೊಲ್ಫೊ ವಿಯೇರಾ ಮತ್ತು ಇಬ್ಬರು ಅಮೆರಿಕನ್ ಸಲಹೆಗಾರರನ್ನು ರಾಜಧಾನಿಯ ಹೋಟೆಲೊಂದರಲ್ಲಿ ಗುಂಡಿಟ್ಟು ಕೊಂದರು. ಕೊಂದವರು ಕಮ್ಯುನಿಸ್ಟರಲ್ಲ, ಅಮೆರಿಕ ಶಸ್ತ್ರ ಕೊಡುತ್ತಿದ್ದ ಸರ್ಕಾರದ್ದೇ ಭದ್ರತಾ ಪಡೆಯವರು. ಕಾಫಿ ಎಸ್ಟೇಟುಗಳನ್ನು ಮುಟ್ಟಬೇಕಿದ್ದ ಎರಡನೇ ಹಂತ ಜಾರಿಗೇ ಬರಲಿಲ್ಲ. ಅಲ್ಲಿನ ಅಂತರ್ಯುದ್ಧ 1992ರವರೆಗೆ ನಡೆಯಿತು.

ಈಗಿನ ಸ್ಥಿತಿಗೆ ಬರೋಣ. ಚೀನಾದ ಇಂದಿನ ಪ್ರಭಾವ ಕಮ್ಯುನಿಸಂನ ಆಕರ್ಷಣೆಯಿಂದ ಬಂದದ್ದಲ್ಲ. 2013ರಿಂದ ಅದು ರಸ್ತೆ, ರೈಲು, ಬಂದರು, ಸಾಲ ಕೊಟ್ಟು ಹೊರದೇಶಗಳಲ್ಲಿ ಬೇರು ಬಿಟ್ಟಿದೆ. ಹಾಗಾಗಿ ಭೂ ಸುಧಾರಣೆಯನ್ನೇ ಇಂದಿನ ಮದ್ದು ಎಂದು ಹೇಳುವುದು ಹುಚ್ಚುತನ. ಆದರೆ ಹಳೆಯ ಪ್ರಶ್ನೆ ಹಾಗೆಯೇ ಇದೆ: ಆ ದೇಶಗಳ ಸಾಮಾನ್ಯ ಜನರಿಗೆ ಬೇಕಾದದ್ದು ಏನು, ಅದನ್ನು ಕೊಡುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡಲು ಕೆನಡಿ 1961ರಲ್ಲಿ ಕಟ್ಟಿದ ಯುಎಸ್‌ಏಡ್ ಎಂಬ ವಿದೇಶಿ ನೆರವಿನ ಸಂಸ್ಥೆಯನ್ನು ಟ್ರಂಪ್ ಸರ್ಕಾರ 2025ರ ಜುಲೈ 1ಕ್ಕೆ ಮುಚ್ಚಿತು. ಆ ವರ್ಷದ ಆರಂಭದಲ್ಲಿ ವಿದೇಶಿ ನೆರವನ್ನು ತಡೆಹಿಡಿದಾಗ ಲಾವೋಸಿನಲ್ಲಿ ಬಾಂಬ್ ತೆಗೆಯುವ ತಂಡಗಳೂ ಕೆಲಸ ನಿಲ್ಲಿಸಬೇಕಾಯಿತು. ಸೇನೆಯ ಕಡೆ ಕಡಿತವಾಗಿಲ್ಲ.

ಫಿಲಿಪ್ಪೀನ್ಸ್‌ನಲ್ಲಿ ಇವೆರಡನ್ನೂ ಒಟ್ಟಿಗೆ ನೋಡಬಹುದು. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಇನ್ನೂ ನಾಲ್ಕು ಸೇನಾ ನೆಲೆಗಳನ್ನು ಅಮೆರಿಕನ್ ಪಡೆಗಳು ಬಳಸಲು ಒಪ್ಪಿಗೆಯಾಗಿ ಒಟ್ಟು ಒಂಬತ್ತಾದವು. ಹೊಸ ನಾಲ್ಕರಲ್ಲಿ ಮೂರು ತೈವಾನಿಗೆ ಎದುರಾದ ಉತ್ತರ ಲುಜಾನ್‌ನಲ್ಲಿವೆ. ಅದೇ ವರ್ಷ ಜುಲೈನಲ್ಲಿ ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಒಂದು ಕಾಯ್ದೆಗೆ ಸಹಿ ಹಾಕಿ, ಭೂ ಸುಧಾರಣೆಯಲ್ಲಿ ಜಮೀನು ಪಡೆದ ಸುಮಾರು 6 ಲಕ್ಷ ರೈತರು ಅದರ ಬೆಲೆಗೆಂದು ಸರ್ಕಾರಕ್ಕೆ ಉಳಿಸಿಕೊಂಡಿದ್ದ ಸಾಲ ಮನ್ನಾ ಮಾಡಿದರು. ಮಧ್ಯ ಲುಜಾನ್‌ನ ದೊಡ್ಡ ಕಬ್ಬಿನ ಎಸ್ಟೇಟ್ ಹಸಿಯೆಂಡಾ ಲುಯಿಸಿಟಾವನ್ನು ಆರು ಸಾವಿರಕ್ಕೂ ಹೆಚ್ಚು ಕೂಲಿಕಾರರಿಗೆ ಹಂಚಬೇಕೆಂದು ಆ ದೇಶದ ಸುಪ್ರೀಂ ಕೋರ್ಟ್ ಕಡೆಯ ತೀರ್ಪು ಕೊಟ್ಟದ್ದು 2012ರಲ್ಲಿ. ಹಾರ್ಡಿ ವರದಿ ಬಂದು ಆಗ 60 ವರ್ಷ ಆಗಿತ್ತು, ಹೊಸ ಜನಸೇನೆಯ ಬಂಡಾಯಕ್ಕೆ 43. ಈ ಕೆಲಸಕ್ಕೆ ಹಣ, ಒತ್ತಡ, ತಜ್ಞರು ಎಲ್ಲವೂ 1952ರಲ್ಲಿ ಮನಿಲಾದಲ್ಲೇ ಇದ್ದವು.